ಅದು ಊಟದ ಬಿಡುವಾಗಿರಲಿಲ್ಲ

ಕೆಟೂರಾ ಹಾಪ್ಕಿನ್‌ಳ ಬಾಯಲ್ಲಿ ಒಂದು ಹಲ್ಲೂ ಇಲ್ಲ. ನೂರಾ ಏಳು ವರ್ಷದ ಮುದುಕಿಗೆ ಹಲ್ಲು ಎಲ್ಲಿಂದ ಬರಬೇಕು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಆದರೆ ಅವು ಮುಪ್ಪಿಗೆ ಉದುರಿದ ಹಲ್ಲುಗಳಲ್ಲ. ಇಪ್ಪತ್ತನಾಲ್ಕು ತುಂಬುವುದರೊಳಗೆ ಹೋಗಿದ್ದವು. ತಗಡಿನ ಕಾರ್ಖಾನೆಯ ಆಸಿಡ್ ಹೊಗೆ ಅವನ್ನು ಮೊದಲು ಹಳದಿ ಮಾಡಿತು, ಆಮೇಲೆ ಕಪ್ಪು ಮಾಡಿತು, ಆಮೇಲೆ ಪುಡಿ ಮಾಡಿತು. ಸರ್ಕಾರ ಬಿಟ್ಟಿ ಕೊಟ್ಟ ಕಟ್ಟುಹಲ್ಲು ವಸಡಿಗೆ ಕೂರಲೇ ಇಲ್ಲ. ಎಂಬತ್ತು ವರ್ಷಕ್ಕೂ ಮೇಲೆ ಅವಳು ವಸಡಿನಲ್ಲೇ ಅಗಿದು ಬದುಕಿದ್ದಾಳೆ.

ಕುಮ್‌ಹೆಲಿಗ್ ಕಣಿವೆಯ ಜನ ಅವಳನ್ನು ಬೊಪಾ ಎನ್ನುತ್ತಾರೆ. ರಕ್ತಸಂಬಂಧ ಇರಲಿ ಬಿಡಲಿ, ಕೇರಿಯ ಹಿರಿಯ ಹೆಂಗಸಿಗೆಲ್ಲ ಅಲ್ಲಿ ಅದೇ ಮಾತು. ವರ್ಷವರ್ಷವೂ ಅವಳ ಹುಟ್ಟಿದ ದಿನ ಪೇಪರಿನವರು ಬರುತ್ತಾರೆ. ಅದೇ ಪ್ರಶ್ನೆ ಕೇಳುತ್ತಾರೆ.

"ಇಷ್ಟು ವರ್ಷ ಬದುಕಿದ್ದರ ಗುಟ್ಟೇನು ಬೊಪಾ?"

"ಸಾಯೋಕೆ ರಜ ಸಿಗ್ಲಿಲ್ಲ."

ಅವರು ನಗುತ್ತಾರೆ, ಬರೆದುಕೊಳ್ಳುತ್ತಾರೆ, ಕೇಕು ತಿಂದು ಹೋಗುತ್ತಾರೆ. ಅವಳು ನಗುವುದಿಲ್ಲ. ಹಾಸಿಗೆಯಲ್ಲಿ ಕೂತಿದ್ದರೂ ಅವಳ ಕೈ ಸುಮ್ಮನಿರುವುದಿಲ್ಲ. ಬೆರಳುಗಳು ಕಂಬಳಿಯ ಅಂಚನ್ನು ಹುಡುಕುತ್ತವೆ, ಹಿಡಿಯುತ್ತವೆ, ಎಳೆಯುತ್ತವೆ. ಮೊಮ್ಮಗಳು ಮೆನ್ನ ಎಷ್ಟು ಸಲ ಹೊದಿಸಿದರೂ ಅಷ್ಟೇ.

"ಏನನ್ನ ಬಿಡಿಸ್ತಿದೀಯ ಮಮ್‌ಗು?" ಎಂದು ಮೆನ್ನ ಕೇಳುತ್ತಾಳೆ. ಅಜ್ಜಿಯನ್ನು ಅಲ್ಲಿ ಮಮ್‌ಗು ಎನ್ನುತ್ತಾರೆ.

"ತಗಡು," ಎನ್ನುತ್ತಾಳೆ ಕೆಟೂರಾ.

ಹದಿಮೂರನೇ ವಯಸ್ಸಿಗೆ ಅವಳು ಆ ಕಾರ್ಖಾನೆಯ ಗೇಟು ದಾಟಿದ್ದಳು. ಗಂಡಸರು ಕೆಂಪಗೆ ಕಾದ ಕಬ್ಬಿಣದ ಹಾಳೆಯನ್ನು ಮಡಚಿ ಮಡಚಿ ಉರುಳೆಗಳ ನಡುವೆ ತಳ್ಳುತ್ತಿದ್ದರು. ಎಂಟು ಹಾಳೆ ಒಂದಕ್ಕೊಂದು ಅಂಟಿ ಒಂದೇ ದಿಂಡಾಗಿ ಬರುತ್ತಿತ್ತು. ಅದನ್ನು ಬಿಡಿಸುವುದು ಹೆಂಗಸರ ಕೆಲಸ. ಸೀಸದ ತುಂಡಿನಿಂದ ಅಂಚಿಗೆ ಬಡಿಯಬೇಕು. ಸಡಿಲವಾದ ಕಡೆ ಬೆರಳು ತೂರಿಸಬೇಕು. ದಿಂಡಿನ ಮೇಲೆ ಮೊಣಕಾಲು ಊರಿ, ಸೊಂಟದ ಬಲವೆಲ್ಲ ಹಾಕಿ, ಒಂದೊಂದೇ ಹಾಳೆ ಸೀಳಿ ತೆಗೆಯಬೇಕು. ಅಂಚೆಂದರೆ ಕ್ಷೌರದ ಕತ್ತಿ. ಅಂಗೈಗೆ ಕಟ್ಟಿದ ತೊಗಲನ್ನೂ ಅದು ಕೊಯ್ಯುತ್ತಿತ್ತು. ಪಕ್ಕದಲ್ಲೇ ಆಸಿಡ್ ತೊಟ್ಟಿಗಳು. ಗಾಯದ ಮೇಲೆ ಆ ಹಬೆ ಬಂದು ಕೂತರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮುಟ್ಟಾದರೂ ಅದೇ ಕೆಲಸ, ಬಸುರಾದರೂ ಅದೇ ಕೆಲಸ. ಕಕ್ಕಸಿಗೆ ಹೋಗಬೇಕೆಂದರೆ ಮೇಸ್ತ್ರಿಯನ್ನು ಕೇಳಬೇಕು. ಅವನು ಗಡಿಯಾರ ನೋಡಿ, ಆಮೇಲೆ ಇವಳನ್ನು ನೋಡಿ, ಆಮೇಲೆ ಹ್ಞೂಂ ಎನ್ನುತ್ತಿದ್ದ.

ಹನ್ನೊಂದು ವರ್ಷ ಅವಳು ಹೀಗೆ ತಗಡು ಬಿಡಿಸಿದಳು.

ಮೊದಲ ಮಹಾಯುದ್ಧ ಮುಗಿದ ಮರುವರ್ಷ ಕಾರ್ಖಾನೆಯಲ್ಲಿ ತಗಡಿಗೆ ಬಳಿಯುವ ತವರದ ಗಟ್ಟಿಗಳು ಕಾಣೆಯಾದವು. ಕದ್ದವರು ಯಾರೋ ತಿಳಿಯಲಿಲ್ಲ. ಮ್ಯಾನೇಜರು ಗೇಟಿನ ಪಕ್ಕ ಹಲಗೆಯ ಗೂಡೊಂದನ್ನು ಹೊಡೆಸಿದ. ಸಂಜೆ ಮನೆಗೆ ಹೋಗುವಾಗ ಹೆಂಗಸರು ಒಬ್ಬೊಬ್ಬರಾಗಿ ಅದರೊಳಗೆ ಹೋಗಿ ತಪಾಸಣೆ ಮಾಡಿಸಿಕೊಂಡು ಬರಬೇಕು. ಹೆಂಗಸರು ಮಾತ್ರ. ಗಂಡಸರಿಗೆ ಯೂನಿಯನ್ ಇತ್ತು. ಅವರು ಗೇಟಿನವನಿಗೆ ಟೋಪಿ ಮುಟ್ಟಿ ಹಾಗೇ ನಡೆದುಹೋಗುತ್ತಿದ್ದರು.

ಗೇಟಿನವನು ಸ್ಟ್ರಿಂಗರ್. ಸೈನ್ಯದಿಂದ ಬಂದ ಇಂಗ್ಲಿಷಿನವನು. ಕೈಯಲ್ಲಿ ಬೆತ್ತ. ಮುಟ್ಟುವುದಕ್ಕೆ ಅವನಿಗೆ ಅಸಹ್ಯ. ಬೆತ್ತದ ತುದಿಯಿಂದಲೇ ಲಂಗ ಎತ್ತುತ್ತಿದ್ದ, ರವಿಕೆ ತಿವಿಯುತ್ತಿದ್ದ. ಕೆಟೂರಾ ಒಂದು ವಾರ ಕಣ್ಣು ಮುಚ್ಚಿ ನಿಂತಳು. ಎಲ್ಲರೂ ಹಾಗೆಯೇ ನಿಂತರು. ಹೊರಗೆ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕೆಟೂರಾಳ ಪಕ್ಕದಲ್ಲಿ ತಗಡು ಬಿಡಿಸುತ್ತಿದ್ದವಳು ಹೆಸ್ಟರ್. ಹತ್ತೊಂಬತ್ತು ವರ್ಷ. ಬಾಯಿ ಜೋರು. ಒಂದು ಬುಧವಾರ ಅವಳು ಮುಟ್ಟಾಗಿದ್ದಳು. ಗೂಡಿನೊಳಗೆ ಸ್ಟ್ರಿಂಗರ್‌ಗೆ ಏನೋ ಗಂಟು ಇದ್ದಂತೆ ಕಂಡಿತು.

"ಏನೇ ಅದು? ತೆಗಿ."

"ಅದು ನಿಮ್ಮ ತವರ ಅಲ್ಲ ಸ್ವಾಮಿ."

"ತೆಗಿ ಅಂದೆ."

ಅವಳು ತೆಗೆಯಲಿಲ್ಲ. ಅವನೇ ಬೆತ್ತ ಹಾಕಿ ಎಳೆದ. ನೆತ್ತರು ನೆನೆದ ಬಟ್ಟೆ ಬೆತ್ತದ ತುದಿಗೆ ಬಂತು. ಅವನು ಅದನ್ನು ಹಾಗೇ ಎತ್ತಿ ಹಿಡಿದು ಗೂಡಿನ ಬಾಗಿಲಿಗೆ ಬಂದು ಅಂಗಳಕ್ಕೆ ಒಗೆದ. ಅಲ್ಲಿ ಮನೆಗೆ ಹೊರಟ ಗಂಡಸರಿದ್ದರು. ಕೆಲವರು ನಕ್ಕರು. ಕೆಲವರು ತಲೆ ತಗ್ಗಿಸಿದರು. ಕೆಟೂರಾಳ ಅಣ್ಣ ಇದ್ವಲ್ ಅವರ ನಡುವೆ ಇದ್ದ. ಅವನು ತಲೆ ತಗ್ಗಿಸಿದ.

ಹೆಸ್ಟರ್ ಹೊರಗೆ ಬಂದು, ಬಟ್ಟೆಯನ್ನು ಎತ್ತಿಕೊಳ್ಳಲೋ ಬೇಡವೋ ಎಂದು ಒಂದು ಗಳಿಗೆ ನಿಂತಳು. ಆಮೇಲೆ ಎತ್ತಿಕೊಳ್ಳದೆ ಓಡಿದಳು. ಕೆಟೂರಾ ಹೋಗಿ ಅದನ್ನು ಎತ್ತಿ ತನ್ನ ಏಪ್ರನ್ನಿನಲ್ಲಿ ಸುತ್ತಿಕೊಂಡಳು.

ಮನೆಯಲ್ಲಿ ಇದ್ವಲ್ ಊಟಕ್ಕೆ ಕೂತಿದ್ದ. ಅವನು ಯೂನಿಯನ್ನಿನ ಕಾರ್ಯದರ್ಶಿ.

"ನಾಳೆ ಸಭೇಲಿ ಎತ್ತು ಈ ಮಾತ," ಎಂದಳು ಕೆಟೂರಾ.

"ಕೂಲಿ ವಿಷಯ ಆಗಿದ್ರೆ ಎತ್ತಬಹುದಿತ್ತು. ಇದು ಹೆಂಗಸರ ವಿಷಯ. ಸಭೇಲಿ ಬಾಯಿಬಿಟ್ಟು ಹೇಳೋಕಾಗುತ್ತಾ ಇದನ್ನ?"

"ಅವನು ಕೋಲಲ್ಲಿ ಎತ್ತಿ ಹಿಡಿದಾಗ ನೋಡಿದ್ಯಲ್ಲ. ನೋಡೋಕಾಗುತ್ತೆ, ಹೇಳೋಕಾಗಲ್ವ?"

"ನಾಲಿಗೆ ಹಿಡಿ ಕೆಟೂರಾ. ಅಮ್ಮ ಕೇಳಿಸ್ಕೋತಾಳೆ."

"ಕೇಳಿಸ್ಕೊಳ್ಲಿ. ಅಮ್ಮನೂ ಅದೇ ಬಟ್ಟೆ ಕಟ್ಕೊಂಡೇ ನಿನ್ನ ಹೆತ್ತಿದ್ದು."

ಅವನು ತಟ್ಟೆ ತಳ್ಳಿ ಎದ್ದುಹೋದ.

ಮಾರನೇ ಸಂಜೆ ಸೀಟಿ ಊದಿತು. ಹೆಂಗಸರು ಸಾಲುಗಟ್ಟಿದರು. ಮುಂದೆ ಕೆಟೂರಾ. ಸ್ಟ್ರಿಂಗರ್ ಬೆತ್ತದಿಂದ ಗೂಡು ತೋರಿಸಿದ. ಅವಳು ಹೋಗಲಿಲ್ಲ.

"ಒಳಗೆ ನಡಿ."

"ಇಲ್ಲ."

"ಏನಂದೆ?"

"ಒಳಗೆ ಬರಲ್ಲ. ನೋಡೋದಿದ್ರೆ ಇಲ್ಲೇ ನೋಡು. ಎಲ್ಲರ ಎದುರಿಗೆ ನೋಡು. ನನ್ನ ನೋಡಿ ಆದ್ಮೇಲೆ ಆ ಗಂಡಸರ ಚಡ್ಡಿ ಬಿಚ್ಚಿ ನೋಡು. ಅದಾದ್ಮೇಲೆ ಮ್ಯಾನೇಜರ್ ಗಾಡಿ ಬರುತ್ತಲ್ಲ, ಅದನ್ನೂ ನೋಡು."

ಅವನು ಬೆತ್ತ ಎತ್ತಿದ. ನಿಂತೇ ಇದ್ದರೆ ಬಿದ್ದುಬಿಡುತ್ತೇನೆ ಅನ್ನಿಸಿತು ಅವಳಿಗೆ. ಅದಕ್ಕೇ ಕೂತಳು. ಗೇಟಿನ ನಡುಮಧ್ಯೆ, ಕೆಸರಿನಲ್ಲಿ. ಹಿಂದಿನವಳು ಏನೂ ಕೇಳದೆ ಪಕ್ಕದಲ್ಲಿ ಕೂತಳು. ಅವಳ ಹಿಂದಿನವಳೂ ಕೂತಳು. ಕತ್ತಲಾಗುವ ಮೊದಲು ಮೂವತ್ತು ಜನ ಕೂತಿದ್ದರು. ಗಂಡಸರು ಅವರ ಕಾಲುಗಳ ನಡುವೆ ಜಾಗ ಹುಡುಕಿ ದಾಟಿಕೊಂಡು ಹೋದರು. ಇದ್ವಲ್ ತಂಗಿಯ ಭುಜದ ಮೇಲೆಯೇ ಕಾಲೆತ್ತಿ ದಾಟಿದ. ಅವನ ಬೂಟಿನ ಮಣ್ಣು ಅವಳ ಕೂದಲಿಗೆ ಬಿತ್ತು.

ಮರುದಿನ ಬೆಳಿಗ್ಗೆ ಒಳಗೆ ಹೋಗುವ ಬದಲು ಮತ್ತೆ ಅಲ್ಲೇ ಕೂತರು. ಮೂರನೇ ದಿನ ಹೆಸ್ಟರ್ ಬಂದಳು. ಮುಖ ಊದಿಕೊಂಡಿತ್ತು. ಎಲ್ಲರೂ ಮಾತು ನಿಲ್ಲಿಸಿದರು. ಅಷ್ಟರಲ್ಲಿ ಗಂಡಸರ ತಂಡದ ಫೋಟೋ ತೆಗೆಯಲು ಪಟ್ಟಣದಿಂದ ಒಬ್ಬ ಬಂದಿದ್ದ. ಗೇಟು ದಾಟಲಾಗದೆ, ಬಂದ ದಾರಿಗೆ ಸುಂಕವಿಲ್ಲದಂತೆ ಆಗಬಾರದೆಂದು ಇವರ ಎದುರಿಗೇ ಪೆಟ್ಟಿಗೆ ನಿಲ್ಲಿಸಿ ಕರಿಬಟ್ಟೆಯೊಳಗೆ ತಲೆ ಹಾಕಿದ.

ಹೆಸ್ಟರ್ ಲಂಗ ಎತ್ತಿಕೊಂಡು ಸಾಲಿನೊಳಗೆ ನುಗ್ಗಿದಳು.

"ಸ್ವಲ್ಪ ಸರ್ಕೊಳ್ರೇ. ನನ್ ಬಟ್ಟೆ ಇಲ್ಲೇ ಎಲ್ಲೋ ಬಿದ್ದಿತ್ತು. ಯಾರಾದ್ರೂ ಮೇಲೆ ಕೂತಿದೀರೇನೋ ನೋಡಿ."

ಮೂವತ್ತೊಂದು ಹೆಂಗಸರು ಒಟ್ಟಿಗೆ ನಕ್ಕರು. ಹೊಟ್ಟೆ ಹಿಡಿದು ನಕ್ಕರು. ಅಳುವ ಹಾಗೆ ನಕ್ಕರು. ಫೋಟೋದವನು ಒತ್ತಿದ್ದು ಆ ಗಳಿಗೆಯಲ್ಲಿ.

ಆರು ದಿನ ಕೂತರು. ಏಳನೇ ದಿನ ಮ್ಯಾನೇಜರು ಗೂಡನ್ನು ಕೀಳಿಸಿ ಒಲೆಗೆ ಹಾಕಿಸಿದ. ಅದೇ ದಿನ ಗೇಟಿನ ಮೇಲೆ ಹನ್ನೊಂದು ಹೆಸರಿನ ಚೀಟಿ ಅಂಟಿತು. ಆ ಹನ್ನೊಂದು ಜನಕ್ಕೆ ಇನ್ನು ಕೆಲಸವಿಲ್ಲ. ಮೊದಲ ಹೆಸರು ಕೆಟೂರಾ, ಎರಡನೆಯದು ಹೆಸ್ಟರ್. ಮ್ಯಾನೇಜರು ಅವರ ಪ್ರಾರ್ಥನಾಮಂದಿರದ ಹಿರಿಯನೂ ಆಗಿದ್ದ. ಭಾನುವಾರ ತುಂಬಿದ ಸಭೆಯಲ್ಲಿ ಹೆಸ್ಟರ್‌ಳನ್ನು ಎಬ್ಬಿಸಿ ನಿಲ್ಲಿಸಿ, ಹೊಲಸು ಮಾತಾಡಿದ ತಪ್ಪಿಗೆ ಮಂದಿರದಿಂದ ಹೊರಗೆ ಹಾಕಿದರು. ಬೆತ್ತ ಹಿಡಿದವನ ಬಗ್ಗೆ ಯಾರೂ ಒಂದು ಮಾತು ಎತ್ತಲಿಲ್ಲ. ಹೆಸ್ಟರ್ ಬ್ರಿಸ್ಟಲ್‌ಗೆ ಮನೆಗೆಲಸಕ್ಕೆ ಹೋದಳು. ಎರಡು ಚಳಿಗಾಲ ಕಳೆಯುವುದರೊಳಗೆ ಎದೆರೋಗಕ್ಕೆ ಸತ್ತಳು.

ಕೆಟೂರಾ ಸಾಯಲಿಲ್ಲ. ಶಾಲೆಯ ನೆಲ ಒರೆಸಿದಳು, ಮಂದಿಯ ಬಟ್ಟೆ ಒಗೆದಳು, ಎಪ್ಪತ್ತೆರಡರವರೆಗೂ ಮೊಣಕಾಲ ಮೇಲೇ ಇದ್ದಳು. ಗಂಡ ಗೋಮರ್ ಕಲ್ಲಿದ್ದಲ ಧೂಳು ಕೆಮ್ಮುತ್ತ ಹೋದ. ಮೂವರು ಮಕ್ಕಳನ್ನು ತಾನೇ ಮಣ್ಣಿಗಿಟ್ಟಳು. ಆ ಮೂವತ್ತೊಂದು ಜನರಲ್ಲಿ ಒಬ್ಬೊಬ್ಬರೇ ಹೋದರು. ಊರಲ್ಲಿ ಆದ ಪ್ರತಿ ಸಾವಿಗೂ ಅವಳು ನಡೆದುಹೋಗಿ ಕೊನೆಯ ಸಾಲಿನಲ್ಲಿ ನಿಂತು ಬಂದಳು. ಒಂದು ದಿನ ಲೆಕ್ಕ ಹಾಕಿದರೆ ಉಳಿದವಳು ತಾನೊಬ್ಬಳೇ.

ಕಾರ್ಖಾನೆ ಮುಚ್ಚಿ ಐವತ್ತು ವರ್ಷವಾಗಿತ್ತು. ಮಾಲೀಕರಾದ ಹೋಲ್ಫರ್ಡ್ ಮನೆತನದ ಈಗಿನವರು ಹಣ ಕೊಟ್ಟು, ಹಳೆಯ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಿಸಿದರು. ಅದನ್ನು ನೋಡಿಕೊಳ್ಳಲು ಬಂದವನು ರಿದಿಯನ್ ಪ್ಯೂ. ಕೆಟ್ಟವನಲ್ಲ. ಓದಿದವನು, ಮೆತ್ತಗೆ ಮಾತಾಡುವವನು. ಒಂದು ಮಧ್ಯಾಹ್ನ ಮೆನ್ನಳ ಮನೆಗೆ ಬಂದು ಚಹಾ ಕುಡಿದು, ಕಾಗದದಲ್ಲಿ ಸುತ್ತಿದ್ದ ದೊಡ್ಡ ಫೋಟೋವೊಂದನ್ನು ಬಿಚ್ಚಿದ.

"ರಿಬ್ಬನ್ ನೀವೇ ಕತ್ತರಿಸ್ಬೇಕು ಬೊಪಾ. ನಿಮ್ಮ ಕಾಲದಲ್ಲಿ ಆ ಕಾರ್ಖಾನೇಲಿ ದುಡಿದೋರಲ್ಲಿ ಉಳಿದಿರೋರು ನೀವೊಬ್ರೇ. ಒಂದೆರಡು ಮಾತಾಡಿದ್ರೆ ಸಾಕು. ನಾವೆಲ್ಲ ಒಂದೇ ಕುಟುಂಬದ ಹಾಗಿದ್ವಿ ಅಂತ. ಇದು ಮ್ಯಾನೇಜರ್ ಬೀರುವಲ್ಲಿ ಸಿಕ್ಕಿದ್ದು. ಇದರಲ್ಲಿ ನೀವಿದೀರಾ ನೋಡಿ."

ಕೆಟೂರಾಳ ಕಣ್ಣು ಮಂಜು. ಭೂತಗನ್ನಡಿ ಹಿಡಿದು ಮೂಗು ತಾಗುವಷ್ಟು ಬಗ್ಗಿದಳು. ಬಹಳ ಹೊತ್ತು ನೋಡಿದಳು. ಕೆಸರು ಕಂಡಿತು. ಗೇಟು ಕಂಡಿತು. ಕೈಯಿಂದ ಬಾಯಿ ಮುಚ್ಚಿಕೊಂಡು ನಗುವ ಮುಖಗಳು ಕಂಡವು. ಹಲ್ಲಿಲ್ಲದ್ದಕ್ಕೆ ಮುಚ್ಚಿಕೊಂಡದ್ದು. ಹೆಸ್ಟರ್ ಒಬ್ಬಳೇ ಬಾಯಿ ಬಿಟ್ಟು ನಗುತ್ತಿದ್ದಳು. ಅವಳಿಗಿನ್ನೂ ಹಲ್ಲಿದ್ದವು.

"ಕೆಳಗೇನೋ ಬರೆದಿದೆ. ಓದೇ ಮೆನ್ನ."

ಮೆನ್ನ ಓದಿದಳು. "ಊಟದ ಬಿಡುವಿನಲ್ಲಿ ನಲಿಯುತ್ತಿರುವ ಹುಡುಗಿಯರು."

"ಇನ್ನೊಂದ್ಸಲ ಓದು."

ಮೆನ್ನ ಇನ್ನೊಂದು ಸಲ ಓದಿದಳು.

ಕೆಟೂರಾ ಹೇಳಿದಳು. ಗೂಡು, ಬೆತ್ತ, ಬಟ್ಟೆ, ಆರು ದಿನ, ಹನ್ನೊಂದು ಹೆಸರು. ಎಂಬತ್ಮೂರು ವರ್ಷದಲ್ಲಿ ಮಕ್ಕಳಿಗೂ ಹೇಳಿರಲಿಲ್ಲ. ಮೆನ್ನ ಚಹಾದ ಲೋಟ ಹಿಡಿದು ಹಾಗೇ ನಿಂತುಬಿಟ್ಟಳು. ಪ್ಯೂನ ಕಿವಿ ಕೆಂಪಾಯಿತು.

"ಬೊಪಾ, ಕಂಪನಿ ಕಡತಗಳನ್ನೆಲ್ಲ ನಾನು ಓದಿದೀನಿ. ಆ ವರ್ಷ ಮುಷ್ಕರ ಆದ ಬಗ್ಗೆ ಒಂದು ಸಾಲೂ ಇಲ್ಲ. ಯೂನಿಯನ್ ಪುಸ್ತಕದಲ್ಲೂ ಇಲ್ಲ. ದಾಖಲೆ ಏನಾದ್ರೂ ಇದ್ರೆ..."

"ನಾನಿದೀನಲ್ಲ."

"ಅದು ಸರಿ. ಆದ್ರೆ ಈ ವಯಸ್ಸಲ್ಲಿ ನೆನಪು ಒಂದಕ್ಕೊಂದು ಬೆರೆತುಹೋಗೋದು ಸಹಜ."

ಅವನು ಮರ್ಯಾದೆಯಿಂದಲೇ ಹೇಳಿದ. ಅದೇ ಅವಳಿಗೆ ಬೆತ್ತಕ್ಕಿಂತ ಚುಚ್ಚಿತು. ಅವಳ ನೂರಾ ಏಳು ವರ್ಷಕ್ಕೆ ಸನ್ಮಾನ. ಆ ವರ್ಷಗಳ ನೆನಪಿಗೆ ಕವಡೆ ಕಿಮ್ಮತ್ತಿಲ್ಲ.

ಅವನು ಹೋದ ಮೇಲೆ ಅವಳು ಕೂತಲ್ಲಿ ಕೂರಲಿಲ್ಲ. ಊಟ ಮುಟ್ಟಲಿಲ್ಲ. ಮೆನ್ನ ಅವಳಿಗೆ ಇಷ್ಟವೆಂದು ಹಂದಿಕೊಬ್ಬಿನಲ್ಲಿ ಹುರಿದ ಕಡಲಪಾಚಿ ತಂದಿಟ್ಟಳು. ತಟ್ಟೆ ಆರಿಹೋಯಿತು.

"ಹೋಗೋದು ಬೇಡ ಬಿಡು ಮಮ್‌ಗು. ಹುಷಾರಿಲ್ಲ ಅಂತ ಹೇಳಿಬಿಡ್ತೀನಿ."

"ಹೋಗ್ತೀನಿ."

"ಹೋಗಿ?"

"ಹೋದ್ಮೇಲೆ ಗೊತ್ತಾಗುತ್ತೆ. ನನ್ನ ಕರಿ ಕೋಟು ತೆಗೆದಿಡು."

ಶನಿವಾರ ಬೆಳಿಗ್ಗೆ ಹಳೆಯ ಗೇಟಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ವಾದ್ಯದವರಿದ್ದರು, ಶಾಲೆಯ ಮಕ್ಕಳಿದ್ದರು, ಹೋಲ್ಫರ್ಡರ ಕಡೆಯವರು ಮುಂದಿನ ಕುರ್ಚಿಗಳಲ್ಲಿದ್ದರು. ಹಿಂದೆ ಮೇಜಿನ ಬಳಿ ಮೆನ್ನಳ ಜೊತೆಗಾರ್ತಿಯರು ಚಹಾ ಸುರಿಯುತ್ತಿದ್ದರು. ಮೆನ್ನ ಶಾಲೆಯ ಅಡುಗೆಮನೆಯ ಮುಖ್ಯಸ್ಥೆ. ನಾನೂರು ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಅವಳ ಗಂಟಲು ತಮಟೆಯಾಗಿತ್ತು.

ಪ್ಯೂ ಬೆಳ್ಳಿಯ ಕತ್ತರಿಯನ್ನು ತಟ್ಟೆಯಲ್ಲಿಟ್ಟು ಗಾಲಿಕುರ್ಚಿಯ ಎದುರು ಬಗ್ಗಿದ. ಮೈಕನ್ನು ಅವಳ ಬಾಯಿಗೆ ಹಿಡಿದ.

"ಕತ್ತರಿಸಲ್ಲ," ಎಂದಳು ಕೆಟೂರಾ.

ಜನ ನಕ್ಕರು. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು.

"ಒಳಗೆ ಗೋಡೇಲಿ ಒಂದು ಫೋಟೋ ಇದೆ. ಊಟದ ಬಿಡುವು ಅಂತ ಬರೆದಿದಾರೆ. ಅದು ಊಟದ ಬಿಡುವಲ್ಲ. ನಮಗೆ ಊಟದ ಬಿಡುವೇ ಇರಲಿಲ್ಲ, ನಿಂತೇ ತಿಂತಿದ್ವಿ. ಈ ಗೇಟಲ್ಲಿ ನಮ್ಮ ಲಂಗ ಎತ್ತಿ ನೋಡ್ತಿದ್ರು. ಹೆಸ್ಟರ್ ಅನ್ನೋ ಹುಡುಗಿ ಮುಟ್ಟಿನ ಬಟ್ಟೇನ ಕೋಲಲ್ಲಿ ಎತ್ತಿ..."

ಮುಂದಿನ ಮಾತು ಹೊರಗೆ ಕೇಳಿಸಲಿಲ್ಲ. ಯಾರೋ ಮೈಕು ಆರಿಸಿದ್ದರು. ಯಾರೋ ಕೈಸನ್ನೆ ಮಾಡಿದರು, ವಾದ್ಯ ಶುರುವಾಯಿತು. ಕೆಟೂರಾಳ ಬೊಚ್ಚು ಬಾಯಿ ಆಡುತ್ತಲೇ ಇತ್ತು. ಅವಳು ಮಾತು ನಿಲ್ಲಿಸಲಿಲ್ಲ. ಕೇಳಿಸುತ್ತಿದ್ದದ್ದು ಕುರ್ಚಿ ಹಿಡಿದು ನಿಂತಿದ್ದ ಮೆನ್ನಳಿಗೆ ಮಾತ್ರ.

ಮೆನ್ನಳಿಗೆ ಐವತ್ತೆಂಟು ವರ್ಷ. ಆ ದಿನದವರೆಗೂ ಯಾವ ದೊಡ್ಡ ಮನುಷ್ಯರ ಎದುರೂ ತಲೆಯೆತ್ತಿ ಮಾತಾಡಿದವಳಲ್ಲ. ಅವಳು ಬಗ್ಗಿ ಅಜ್ಜಿಯ ಬಾಯಿಗೆ ಕಿವಿ ಕೊಟ್ಟಳು. ಆಮೇಲೆ ನೆಟ್ಟಗೆ ನಿಂತು ಊಟದ ಹಾಲಿನಲ್ಲಿ ಕೂಗುವ ಗಂಟಲಲ್ಲಿ ಕೂಗಿದಳು.

"ಕೋಲಲ್ಲಿ ಎತ್ತಿ ಗಂಡಸರ ಎದುರಿಗೆ ಒಗೆದ."

ಮತ್ತೆ ಬಗ್ಗಿದಳು. ಮತ್ತೆ ಕೂಗಿದಳು.

"ನಾವು ಮೂವತ್ತೊಂದು ಜನ ಇಲ್ಲೇ ಕೆಸರಲ್ಲಿ ಕೂತ್ವಿ."

"ನಮ್ಮ ಗಂಡಸರು ನಮ್ಮನ್ನ ದಾಟ್ಕೊಂಡು ಹೋದ್ರು."

"ಹನ್ನೊಂದು ಜನದ ಅನ್ನ ಕಿತ್ಕೊಂಡ್ರು."

ವಾದ್ಯದವರಲ್ಲಿ ಒಬ್ಬ ಊದುವುದು ನಿಲ್ಲಿಸಿದ. ಇನ್ನೊಬ್ಬನೂ ನಿಲ್ಲಿಸಿದ. ಚಹಾದ ಮೇಜಿನ ಹೆಂಗಸರು ಕೆಟಲು ಕೆಳಗಿಟ್ಟು ಬಂದು ಗಾಲಿಕುರ್ಚಿಯ ಸುತ್ತ ನಿಂತರು. ಮುಂದಿನ ಕುರ್ಚಿಗಳಲ್ಲಿದ್ದವರು ಎದ್ದು ಕಾರಿನ ಕಡೆ ನಡೆದರು. ಆ ದಿನ ರಿಬ್ಬನ್ ಯಾರೂ ಕತ್ತರಿಸಲಿಲ್ಲ. ಸೋಮವಾರ ಅದನ್ನು ಬಿಚ್ಚಿ, ಸದ್ದಿಲ್ಲದೆ ಬಾಗಿಲು ತೆರೆದರು.

ಫೋಟೋದ ಕೆಳಗಿನ ಸಾಲು ಮಾತ್ರ ಹಾಗೇ ಇತ್ತು.

ಮೆನ್ನ ಒಂದು ಚೀಟಿ ಬರೆದು ಅದರ ಮೇಲೆ ಅಂಟಿಸಿ ಬಂದಳು. ಕಾವಲಿನವನು ಕಿತ್ತ. ಅಡುಗೆಮನೆಯ ಇನ್ನೊಬ್ಬಳು ಅಂಟಿಸಿದಳು. ಮತ್ತೆ ಕಿತ್ತ. ಹೀಗೆ ಒಂದು ಚಳಿಗಾಲ ಕಳೆಯಿತು. ಕೊನೆಗೆ ಹೊಸ ಫಲಕ ಬಂತು. "ಕೆಲಸಗಾರ್ತಿಯರು. ಸಂದರ್ಭ ಖಚಿತವಿಲ್ಲ."

"ಖಚಿತ ಇಲ್ವಂತೆ," ಎಂದಳು ಕೆಟೂರಾ. "ಗುರುವಾರ ನನ್ನ ಕರ್ಕೊಂಡು ಹೋಗು."

ಗುರುವಾರ ಮುದುಕರಿಗೆ ಒಳಗೆ ಬಿಟ್ಟಿ. ಹತ್ತು ಗಂಟೆಗೆ ಅವಳ ಗಾಲಿಕುರ್ಚಿ ಫೋಟೋದ ಕೆಳಗೆ ಬಂದು ನಿಂತಿತು. ನಾಲ್ಕು ಗಂಟೆಯವರೆಗೆ ಕದಲಲಿಲ್ಲ. ಬಂದವರಿಗೆಲ್ಲ ಹೇಳಿದಳು. ಮುಂದಿನ ಗುರುವಾರವೂ ಬಂದಳು. ಅದರ ಮುಂದಿನ ಗುರುವಾರವೂ. ಅಲ್ಲಿ ಚಳಿಗಾಳಿ ಬೀಸುತ್ತದೆ, ಒಳಕೋಣೆಯಲ್ಲಿ ಕೂರಿ ಎಂದು ಪ್ಯೂ ಕೇಳಿಕೊಂಡ. ಅವಳು ಕೋಟಿನ ಗುಂಡಿ ಹಾಕಿಕೊಂಡಳು, ಅಷ್ಟೇ. ಏಳನೇ ಗುರುವಾರ ಅವನೇ ಸ್ಟೂಲು ತಂದು ಪಕ್ಕದಲ್ಲಿ ಕೂತು ಪೆನ್ನು ತೆಗೆದ.

"ಹೆಸರು ಹೇಳಿ ಬೊಪಾ. ಎಲ್ಲರದ್ದೂ ಬರ್ಕೋತೀನಿ. ಬರೆದ್ರೆ ದಾಖಲೆ ಆಗುತ್ತೆ."

ಅವಳು ಒಂದೊಂದು ಮುಖದ ಮೇಲೂ ಬೆರಳಿಟ್ಟು ಹೇಳಿದಳು. ಯಾರ ಮಗಳು, ಯಾವ ಓಣಿ, ಯಾವಾಗ ಸತ್ತಳು. ಎರಡನೇ ಸಾಲಿನ ಮೂರನೆಯವಳ ಮೇಲೆ ಬೆರಳು ನಿಂತಿತು. ಎತ್ತರದ ಹುಡುಗಿ. ನಗುವಾಗ ಪಕ್ಕಕ್ಕೆ ತಿರುಗಿದ್ದರಿಂದ ಅರ್ಧ ಮುಖ ಮಸುಕು. ಆಗಷ್ಟೇ ಬೇರೆ ಊರಿಂದ ಕೆಲಸಕ್ಕೆ ಬಂದವಳು. ಚೀಟಿಯ ಹನ್ನೊಂದು ಜನರಲ್ಲಿ ಅವಳೂ ಒಬ್ಬಳು, ಆಮೇಲೆ ಎಲ್ಲಿಗೆ ಹೋದಳೋ ತಿಳಿಯಲಿಲ್ಲ. ಈರುಳ್ಳಿ ಕಂಡರೆ ಆಗದು. ಎಡಗೈಯಲ್ಲಿ ತಗಡು ಸೀಳುತ್ತಿದ್ದಳು. ಎಲ್ಲ ಗೊತ್ತಿತ್ತು. ಹೆಸರು ಬರಲಿಲ್ಲ.

ಆ ದಿನ ಬರಲಿಲ್ಲ. ಆ ವಾರ ಬರಲಿಲ್ಲ. ಹಾಸಿಗೆಯಲ್ಲಿ ಅವಳು ಆಚೆ ಈಚೆ ಹೊರಳಿದಳು. ಊರಿನ ಹೆಣ್ಣು ಹೆಸರುಗಳನ್ನೆಲ್ಲ ನಾಲಿಗೆಯ ಮೇಲೆ ಉರುಳಿಸಿ ನೋಡಿದಳು. ಒಂದೂ ಆ ಮುಖಕ್ಕೆ ಕೂರಲಿಲ್ಲ.

"ಯಾವುದಾದ್ರೂ ಒಂದು ಹೆಸರು ಕೊಟ್ಬಿಡು ಮಮ್‌ಗು," ಎಂದಳು ಮೆನ್ನ. ಅವಳಿಗೆ ಅಜ್ಜಿಯ ಸಂಕಟ ನೋಡಲಾಗುತ್ತಿರಲಿಲ್ಲ. "ಯಾರಿಗೆ ಗೊತ್ತಾಗುತ್ತೆ?"

"ಅವರು ಊಟದ ಬಿಡುವು ಅಂತ ಬರೆದಾಗಲೂ ಹಾಗೇ ಅಂದ್ಕೊಂಡಿದ್ರು. ಯಾರಿಗೆ ಗೊತ್ತಾಗುತ್ತೆ ಅಂತ."

ಹೊಸ ಫಲಕ ಗೋಡೆಗೆ ಬಂತು. ಗೂಡಿನ ವಿಷಯ ಇತ್ತು, ಬೆತ್ತದ ವಿಷಯ ಇತ್ತು, ಆರು ದಿನ ಇತ್ತು. ಕೆಳಗೆ ಮೂವತ್ತು ಹೆಸರು. ಮೂವತ್ತೊಂದನೆಯ ಸಾಲನ್ನು ಅವಳು ಖಾಲಿ ಬಿಡಿಸಿದಳು. ನೋಡಲು ಚೆನ್ನಾಗಿರುವುದಿಲ್ಲ ಎಂದು ಪ್ಯೂ ಹೇಳಿ ನೋಡಿದ. ಅವಳು ಕೇಳಲಿಲ್ಲ.

ನೂರಾ ಒಂಬತ್ತನೇ ಹುಟ್ಟಿದ ದಿನ ಗುರುವಾರ ಬಂತು. ಪೇಪರಿನವರು ಮನೆ ಬಿಟ್ಟು ವಸ್ತುಸಂಗ್ರಹಾಲಯಕ್ಕೇ ಬಂದರು. ಜೊತೆಗೆ ಪರವೂರಿನ ಜನರ ಒಂದು ಬಸ್ಸೂ ಬಂದಿತ್ತು. ಅವರೆಲ್ಲ ಕುರ್ಚಿಯ ಸುತ್ತ ನೆರೆದು ಇಷ್ಟು ವಯಸ್ಸಿನ ಮುಖವನ್ನು ಹತ್ತಿರದಿಂದ ನೋಡಲು ಬಗ್ಗಿದರು. ಒಬ್ಬ ಕ್ಯಾಮೆರಾ ಎತ್ತಿದ.

ಕೆಟೂರಾ ಕೈ ಅಡ್ಡ ಹಿಡಿದಳು.

"ನನ್ನ ಮುಖ ಆಮೇಲೆ ನೋಡ್ರಪ್ಪ, ಇಲ್ಲೇ ಇರ್ತೀನಿ. ಮೊದಲು ಇವಳನ್ನ ನೋಡಿ. ಎರಡನೇ ಸಾಲು, ಮೂರನೆಯವಳು. ಎತ್ತರ ಇದ್ಲು. ಎಡಚಿ. ನೀವು ಯಾವ್ಯಾವ ಊರಿಂದ ಬಂದಿದೀರೋ, ಹೋಗಿ ನಿಮ್ಮ ಮನೆಗಳಲ್ಲಿ ಕೇಳಿ. ಇವಳು ಯಾರ ಮನೆ ಮಗಳು ಅಂತ."